ಮೊದಲು ಬೀನ್ಸ್, ಆಮೇಲೆ ಟೊಮೆಟೊ

ಟೊಮೆಟೊ ಗಿಡದ ಚಿಗುರು ಅಗಲವಾಗದೆ, ಜರೀಗಿಡದ ಎಲೆಯಂತೆ ಸಪೂರವಾಗಿ ಸುರುಟಿಕೊಂಡರೆ ನಾವೆಲ್ಲ ಮೊದಲು ದೂರುವುದು ಬಿಳಿನೊಣವನ್ನು. ಎಲೆ ಮುಟುರು ರೋಗವೆಂದು ಬೇವಿನೆಣ್ಣೆ ಸಿಂಪಡಿಸುತ್ತೇವೆ. ಎಷ್ಟೋ ಸಲ ಆ ಅಂದಾಜು ಸರಿಯೇ. ಆದರೆ ಒಂದೇ ಚೀಲದ ಗೊಬ್ಬರ ಹಾಕಿದ ಕುಂಡಗಳೆಲ್ಲ ಒಟ್ಟಿಗೇ ಹೀಗಾಗಿ, ಪಕ್ಕದಲ್ಲೇ ಬೇರೆ ಗೊಬ್ಬರದ ಗಿಡ ನಳನಳಿಸುತ್ತಿದ್ದರೆ ಗೊಬ್ಬರವನ್ನೇ ಅನುಮಾನಿಸಬೇಕು.

ಬ್ರಿಟನ್ನಿನ ಕೈತೋಟಗಾರರಿಗೆ 2008ರಲ್ಲಿ ಆದದ್ದು ಇದೇ. ಟೊಮೆಟೊ, ಆಲೂಗಡ್ಡೆ, ಬೀನ್ಸ್, ಬಟಾಣಿ ಸಾಲುಸಾಲಾಗಿ ತಿರುಚಿಕೊಂಡವು. ಕಾರಣ ಅಮಿನೋಪೈರಾಲಿಡ್ ಎಂಬ ಕಳೆನಾಶಕ. ಹುಲ್ಲುಗಾವಲಿನ ಅಗಲ ಎಲೆಯ ಕಳೆಗೆಂದು ಹೊಡೆದದ್ದು ಹುಲ್ಲಿನಲ್ಲಿ ಉಳಿಯಿತು. ಅದನ್ನು ಮೇಯ್ದ ದನ, ಕುದುರೆಗಳ ಹೊಟ್ಟೆಯಲ್ಲೂ ಕರಗದೆ ಸಗಣಿ, ಲದ್ದಿಯಲ್ಲಿ ಹೊರಬಂತು. ತಿಪ್ಪೆಯಲ್ಲಿ ತಿಂಗಳುಗಟ್ಟಲೆ ಕೊಳೆತರೂ ಅದರ ವಿಷ ಇಳಿಯಲಿಲ್ಲ. ಅದೇ ವರ್ಷ ಅಲ್ಲಿ ಅದರ ಮಾರಾಟವನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಯಿತು. ಇದೇ ಜಾತಿಯ ಕ್ಲೋಪೈರಾಲಿಡ್ ಅದಕ್ಕೂ ಮೊದಲೇ ಅಮೆರಿಕದ ಸ್ಪೋಕೇನ್ ನಗರದ ಕಾಂಪೋಸ್ಟನ್ನು ಕೆಡಿಸಿತ್ತು. ನೂರು ಕೋಟಿ ಭಾಗ ಗೊಬ್ಬರದಲ್ಲಿ ಇವು ಕೆಲವೇ ಭಾಗ ಇದ್ದರೂ ಟೊಮೆಟೊಗೆ ತಡೆಯಲಾಗದು.

ನಮ್ಮ ಭತ್ತ, ಕಬ್ಬು, ಮೆಕ್ಕೆಜೋಳದ ಹೊಲಗಳಲ್ಲಿ ಬಳಸುವ 2,4-ಡಿ ಕೂಡ ಟೊಮೆಟೊವನ್ನು ಹೀಗೆಯೇ ತಿರುಚುತ್ತದೆ. ಅದೃಷ್ಟಕ್ಕೆ ಅದು ಮಣ್ಣಿನಲ್ಲಿ ಕೆಲವು ವಾರಗಳಲ್ಲೇ ಒಡೆದುಹೋಗುತ್ತದೆ. ಚೆನ್ನಾಗಿ ಕಳಿತ ಗೊಬ್ಬರವನ್ನೇ ಕೇಳಿ ತನ್ನಿ ಎಂದು ನಾನು ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಪ್ರಯೋಗಾಲಯದ ಪರೀಕ್ಷೆ ದುಬಾರಿ. ಮನೆಯಲ್ಲಿ ಬೀನ್ಸ್ ಬೀಜ ಸಾಕು. ಗೊಬ್ಬರದ ಚೀಲದ ಮೇಲಿನಿಂದ, ನಡುವಿನಿಂದ, ತಳದಿಂದ ಒಂದೊಂದು ಹಿಡಿ ತೆಗೆದು, ಅಷ್ಟೇ ಶುದ್ಧ ಮಣ್ಣಿನೊಂದಿಗೆ ಬೆರೆಸಿ ಕೆಲವು ಕುಂಡಗಳಿಗೆ ತುಂಬಿ. ಬೇರೆ ಕುಂಡಗಳಲ್ಲಿ ಬರೀ ಆ ಮಣ್ಣಿರಲಿ. ಎಲ್ಲದರಲ್ಲೂ ಬೀಜ ಊರಿ. ಮೊದಲ ಜೋಡಿ ಎಲೆ ನೋಡಿ ತೀರ್ಮಾನಿಸಬೇಡಿ. ಆಮೇಲೆ ಬರುವ ಮೂರೆಲೆಯ ಚಿಗುರನ್ನು ಕಾಯಿರಿ. ಗೊಬ್ಬರದ ಕುಂಡಗಳಲ್ಲಿ ಮಾತ್ರ ಅದು ಬಟ್ಟಲಿನಂತೆ ಮಡಚಿಕೊಂಡರೆ ಆ ಚೀಲ ಟೊಮೆಟೊಗೆ ಬೇಡ. ಎರಡು ಮೂರು ವಾರದ ಈ ಕಾಯುವಿಕೆಗೆ ಬೇಸರಪಡಬಾರದು. ನಾಟಿ ಟೊಮೆಟೊ ಹಾಕಿದ ಸಾರಿನ ಹುಳಿ ಅಂಗಡಿಯ ಗಟ್ಟಿ ಹಣ್ಣಿನಿಂದ ಬರುವುದಿಲ್ಲ.

ಕೆಟ್ಟ ಗೊಬ್ಬರ ಈಗಾಗಲೇ ಪಾತಿಗೆ ಸೇರಿದ್ದರೆ ನೆಲವನ್ನು ಬಿಟ್ಟುಬಿಡಬೇಕಿಲ್ಲ. ಮಣ್ಣಿನ ಸೂಕ್ಷ್ಮಜೀವಿಗಳೇ ನಿಧಾನವಾಗಿ ಆ ವಿಷವನ್ನು ಒಡೆಯುತ್ತವೆ. ತೇವ ಆರದಂತೆ ನೋಡಿಕೊಂಡು ಆಗಾಗ ಅಗೆದು ಗಾಳಿಯಾಡಿಸಿ. ಮುಸುಕಿನ ಜೋಳ, ರಾಗಿಯಂಥ ಹುಲ್ಲಿನ ಜಾತಿಯ ಬೆಳೆಗಳು ಅಲ್ಲಿ ಚೆನ್ನಾಗಿಯೇ ಬರುತ್ತವೆ. ಆದರೆ ಅವುಗಳ ದಂಟನ್ನು ಮತ್ತೆ ಗೊಬ್ಬರದ ಗುಂಡಿಗೆ ಹಾಕಬೇಡಿ, ವಿಷ ಅದರೊಳಗೂ ಇರುತ್ತದೆ. ಟೊಮೆಟೊವನ್ನು ಆ ವರ್ಷ ಕೆಂಪು ಮಣ್ಣು, ತೊಳೆದ ತೆಂಗಿನ ನಾರಿನ ಪುಡಿ, ಮನೆಯ ಎರೆಗೊಬ್ಬರ ಬೆರೆಸಿದ ಚೀಲದಲ್ಲಿ ಬೆಳೆಸಿ.

ಮುಂದಿನ ಸಲ ಗೊಬ್ಬರ ಕೊಳ್ಳುವಾಗ ದನ ತಿಂದ ಮೇವು ಯಾವ ಹೊಲದ್ದು, ಅಲ್ಲಿ ಕಳೆಗೆ ಏನು ಹೊಡೆದಿದ್ದರು ಎಂದು ಕೇಳಿ. ಉತ್ತರ ಸಿಗದಿದ್ದರೆ ಬೀನ್ಸ್ ಊರದೆ ಆ ಚೀಲವನ್ನು ತೋಟಕ್ಕೆ ಸುರಿಯಬೇಡಿ.