ಜೋಳಿಗೆಯ ಮಾತು: ವ್ಯಸನನಿವಾರಣೆಯಲ್ಲಿ ಮನವೊಲಿಕೆಯ ರೀತಿ

ಉಪದೇಶವು ಮೂರು ಬಗೆಯೆಂದು ನಮ್ಮ ಅಲಂಕಾರಶಾಸ್ತ್ರವು ಹೇಳುತ್ತದೆ. ಒಡೆಯನಂತೆ ಆಜ್ಞಾಪಿಸುವುದು ಪ್ರಭುಸಮ್ಮಿತ. ಗೆಳೆಯನಂತೆ ಹಿತಾಹಿತಗಳನ್ನು ತಿಳಿಯಹೇಳುವುದು ಮಿತ್ರಸಮ್ಮಿತ. ಕಾಂತೆಯಂತೆ ಸರಸವಾಗಿ ಮನವೊಲಿಸುವುದು ಕಾಂತಾಸಮ್ಮಿತ. ಮಮ್ಮಟನು ಈ ಮೂರನೆಯದನ್ನು ಕಾವ್ಯಪ್ರಯೋಜನಗಳಲ್ಲಿ ಒಂದಾಗಿ ಎಣಿಸಿದನು. ಮಾದಕವಸ್ತುಗಳ ಬೇಡಿಕೆಯನ್ನು ಮನವೊಲಿಕೆಯಿಂದ ತಗ್ಗಿಸುವ ಯತ್ನಗಳನ್ನು ತೂಗಿ ನೋಡಲು ಈ ವಿಂಗಡಣೆಯು ಎಷ್ಟರಮಟ್ಟಿಗೆ ಒದಗುವುದೆಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

1985ರ ಮಾದಕವಸ್ತು ಕಾಯಿದೆಯು ಪ್ರಭುಸಮ್ಮಿತವಾದ ಮಾತು. ಅದು ಮಾರುವವನ ಕೈಯನ್ನು ಕಟ್ಟಬಲ್ಲುದು. ಬೇಡುವವನ ಮನಸ್ಸನ್ನು ತಿರುಗಿಸುವುದು ಆಜ್ಞೆಯೊಂದರಿಂದಲೇ ಆಗುವ ಕೆಲಸವಲ್ಲ. ಗೆಳೆಯನ ವೇಷದಲ್ಲಿ ಭಯವನ್ನು ಬಿತ್ತುವ ಪ್ರಚಾರವೂ ಸಫಲವಾಗುವುದೆಂಬ ನೆಚ್ಚಿಕೆಯಿಲ್ಲ. ಅಮೆರಿಕದಲ್ಲಿ 1998ರಿಂದ ತರುಣರಿಗಾಗಿ ಬೃಹತ್ತಾದ ಜಾಹೀರಾತು ಪ್ರಚಾರವೊಂದು ನಡೆಯಿತು. 2004ರವರೆಗಿನ ಅದರ ಪರಿಣಾಮವನ್ನು ಅಳೆದವರಿಗೆ ಗಾಂಜಾ ಸೇವನೆಯು ತಗ್ಗಿದ ಕುರುಹು ದೊರೆಯಲಿಲ್ಲ. ಕೆಲವೆಡೆ ಒಲವು ಹೆಚ್ಚಿದ ಲಕ್ಷಣಗಳೂ ಕಂಡವು. ತನ್ನ ಸ್ವಾತಂತ್ರ್ಯಕ್ಕೆ ಕುಂದು ಬಂದಿತೆಂದು ತೋರಿದಾಗ ಮನಸ್ಸು ಇದಿರು ನಿಲ್ಲುತ್ತದೆಯೆಂದು ಮನಶ್ಶಾಸ್ತ್ರಜ್ಞ ಜ್ಯಾಕ್ ಬ್ರೆಹ್ಮ್ 1966ರಲ್ಲಿಯೇ ಪ್ರತಿಪಾದಿಸಿದ್ದನು.

ಕನ್ನಡನಾಡಿನಲ್ಲಿ ಇದಕ್ಕಿಂತ ಭಿನ್ನವಾದ ಮಾರ್ಗವೊಂದು ನಡೆದುಬಂದಿದೆ. ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ್ವರ ಮಠದ ಡಾ. ಮಹಾಂತ ಶಿವಯೋಗಿಗಳು (1930–2018) 1975ರಲ್ಲಿ 'ಮಹಾಂತ ಜೋಳಿಗೆ'ಯನ್ನು ಆರಂಭಿಸಿದರು. ಜೋಳಿಗೆ ಹಿಡಿದು ಊರೂರು ಸುತ್ತಿದ ಅವರು ಕೇಳಿದ್ದು ಕಾಳನ್ನಲ್ಲ, ಕಾಸನ್ನಲ್ಲ, ಜನರ ದುಶ್ಚಟಗಳನ್ನು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರವು ವ್ಯಸನಮುಕ್ತ ದಿನವೆಂದು ಸಾರಿದೆ.

ಈ ಮಾತಿನ ಶಕ್ತಿಯಿರುವುದೆಲ್ಲಿ? ಭಯದ ಪ್ರಚಾರವು ಕೇಳುವವನನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸುತ್ತದೆ. ಜೋಳಿಗೆಯು ಅವನನ್ನು ದಾನಿಯ ಸ್ಥಾನಕ್ಕೇರಿಸುತ್ತದೆ. ಗುರುವೇ ಕೈಯೊಡ್ಡಿ ನಿಂತಾಗ ಕೊಡುವವನ ಕೈ ಮೇಲಾಗುತ್ತದೆ. ಕಳೆದುಕೊಳ್ಳುವುದು ಕೊಡುವುದಾಗಿ ಮಾರ್ಪಡುತ್ತದೆ. ಹಂಪಿಯಲ್ಲಿ ಪುರಂದರದಾಸರ ಹೆಸರಿನ ಮಂಟಪವನ್ನು ಕಂಡವರಿಗೆ ಭಿಕ್ಷೆಯ ಗೌರವವು ಹೊಸದಲ್ಲ. ಮಮ್ಮಟನ ಮೂರಕ್ಕೆ ಇದನ್ನು ಭಿಕ್ಷುಸಮ್ಮಿತವೆಂಬ ನಾಲ್ಕನೆಯದಾಗಿ ಸೇರಿಸಬಹುದೆಂದು ನಮಗೆ ತೋರುತ್ತದೆ.

ಆದರೆ ಇದರ ಮಿತಿಯನ್ನೂ ಗಮನಿಸಬೇಕು. ಹಂಪಿಗೆ ಸಮೀಪದ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ವಿದ್ಯಾರ್ಥಿಯೊಬ್ಬನು ಗಾಂಜಾದ ಚಟಕ್ಕೆ ಒಳಗಾದನೆಂದು ಭಾವಿಸೋಣ. ಬೀಡಿಯನ್ನೋ ಗುಟ್ಕಾವನ್ನೋ ನೆರೆಹೊರೆಯವರ ಮುಂದೆ ಜೋಳಿಗೆಗೆ ಹಾಕುವುದು ಸುಲಭ. ಗಾಂಜಾವನ್ನು ಹಾಗೆ ಹಾಕುವುದೆಂದರೆ ಅಪರಾಧವನ್ನು ಬೀದಿಯಲ್ಲಿ ಒಪ್ಪಿಕೊಂಡಂತೆ. ಯಾವ ಬಹಿರಂಗತೆಯು ಒಬ್ಬನ ಸಂಕಲ್ಪಕ್ಕೆ ಬಲವನ್ನು ಕೊಡುವುದೋ ಅದೇ ಇನ್ನೊಬ್ಬನ ಬಾಯನ್ನು ಕಟ್ಟುತ್ತದೆ. ಅಲ್ಲದೆ ದಾನವು ಒಂದು ಗಳಿಗೆಯದು. ಬಯಕೆಯು ಮರಳಿ ಮರಳಿ ಬರುವಂಥದು. ದೇಹವೇ ವಸ್ತುವಿಗೆ ಒಗ್ಗಿಹೋದವನಿಗೆ ಸಂಕಲ್ಪದೊಡನೆ ವೈದ್ಯನೂ ಬೇಕು.

ಆದುದರಿಂದ ಅಕ್ರಮ ವಸ್ತುಗಳ ವಿಷಯದಲ್ಲಿ ಜೋಳಿಗೆಯು ಏಕಾಂತಕ್ಕೆ ಬರಬೇಕು. ಇದಕ್ಕೆ ಪ್ರಭುವಿನ ಶಾಸನದಲ್ಲಿಯೇ ಎಡೆಯುಂಟು. ಸ್ವಂತ ಸೇವನೆಗಾಗಿ ಅಥವಾ ಅಲ್ಪ ಪ್ರಮಾಣದ ವಸ್ತುವಿಗಾಗಿ ಆರೋಪಕ್ಕೊಳಗಾದ ವ್ಯಸನಿಯು ಸ್ವಇಚ್ಛೆಯಿಂದ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ, ಕಾಯಿದೆಯ 64ಎ ವಿಧಿಯು ಅವನಿಗೆ ಮೊಕದ್ದಮೆಯಿಂದ ವಿನಾಯಿತಿ ನೀಡುತ್ತದೆ. ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಅದನ್ನು ಹಿಂತೆಗೆಯಬಹುದು. ಕಾಲೇಜಿನ ಗೋಡೆಗಳ ಮೇಲೆ ತಲೆಬುರುಡೆಯ ಚಿತ್ರಗಳನ್ನು ಬರೆಯಿಸುವ ಅಧ್ಯಾಪಕರು ಈ ವಿಧಿಯನ್ನು ವಿದ್ಯಾರ್ಥಿಗಳಿಗೆ ತಿಳಿಸಿದ್ದಾರೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಬಾಗಿಲು ಮುಚ್ಚಿದ ಕೋಣೆಯಲ್ಲಿ, ಗದರಿಸದೆ, ಬೇಡುವವನ ವಿನಯದಿಂದ ಆಡಿದ ಮಾತೇ ಇಂಥ ಶಿಷ್ಯನಿಗೆ ಉಚಿತವಾದುದು. ಔಚಿತ್ಯವು ಕಾವ್ಯಕ್ಕೆ ಹೇಗೋ ಹಾಗೆಯೇ ಉಪದೇಶಕ್ಕೂ ಜೀವವಾಗಿದೆ.