ಭ್ರಮರೋಗವೂ ಗಾವಠಿ ಔಷಧವೂ

ಹಿರೇಕೆರೂರು ಸೀಮೆಯಲ್ಲಿ ‘ಬವಳಿ ಬರತೈತಿ, ಚಕ್ಕರ ಬರತಾವ’ ಎಂದು ರೋಗಿಯು ಹೇಳಿ ಮುಗಿಸುವ ಮುನ್ನವೇ ‘ಪಿತ್ತ ಆಗೈತಿ’ ಎಂದು ನಿರ್ಣಯಿಸಿ ಗಾವಠಿ ಔಷಧದ ಪುಡಿಯನ್ನು ಕಟ್ಟಿಕೊಡುವ ವಾಡಿಕೆಯೊಂದುಂಟು. ಅದು ಪ್ರಾಚೀನವೆಂಬ ಕಾರಣಕ್ಕೆ ಅದನ್ನು ಗೌರವಿಸುವವರೂ ಅದೇ ಕಾರಣಕ್ಕೆ ಹಳಿಯುವವರೂ ಪ್ರಾಚೀನರು ನಿಜವಾಗಿ ಹೇಳಿದುದೇನೆಂಬುದನ್ನು ವಿಚಾರಿಸಿದವರಲ್ಲ. ಚರಕಸಂಹಿತೆಯು ಭ್ರಮವನ್ನು, ಎಂದರೆ ತಲೆಸುತ್ತನ್ನು, ಎಂಬತ್ತು ವಾತವಿಕಾರಗಳಲ್ಲಿ ಎಣಿಸಿದೆ. ಮಾಧವನಿದಾನವು ವಾತಪಿತ್ತಗಳೊಡನೆ ರಜೋಗುಣವನ್ನೂ ಸೇರಿಸಿ, ಮನಃಕ್ಷೋಭೆಗೂ ಈ ವ್ಯಾಧಿಯಲ್ಲಿ ಪಾಲನ್ನು ಕೊಟ್ಟಿದೆ. ಚಕ್ರದತ್ತನು ದುರಾಲಭೆಯ ಕಷಾಯವನ್ನು ತುಪ್ಪದೊಡನೆ ವಿಧಿಸಿರುವನು. ಇಷ್ಟು ಸೂಕ್ಷ್ಮವಾಗಿ ಭೇದವೆಣಿಸಿದ ಶಾಸ್ತ್ರದ ಹೆಸರಿನಲ್ಲಿ ಎಲ್ಲರಿಗೂ ಒಂದೇ ಪುಡಿಯನ್ನು ಹಂಚುವುದು ಆ ಶಾಸ್ತ್ರಕ್ಕೇ ಮಾಡುವ ಅಪಚಾರವೆಂದು ನನ್ನ ಮತ.

ಚೀನದಿಂದ ಬಂದು ಜಪಾನಿನಲ್ಲಿ ಬೇರುಬಿಟ್ಟ ಕಾಂಪೋ ವೈದ್ಯವೂ, ಎದ್ದೊಡನೆ ತಲೆ ತಿರುಗುವವನಿಗೆ ದಾಲ್ಚಿನ್ನಿ ಜ್ಯೇಷ್ಠಮಧುಗಳುಳ್ಳ ಒಂದು ಯೋಗವನ್ನೂ, ಜಠರವು ದುರ್ಬಲವಾಗಿ ತಲೆನೋವಿನೊಡನೆ ಸುತ್ತು ಬರುವವನಿಗೆ ಮತ್ತೊಂದನ್ನೂ ಬೇರ್ಪಡಿಸಿ ಕೊಡುತ್ತದೆ. ಇವುಗಳ ಫಲವನ್ನು ಸ್ಥಿರಪಡಿಸುವ ದೊಡ್ಡ ಪ್ರಯೋಗಗಳು ವಿರಳವೇ ಸರಿ. ಆದರೆ ಆ ದೇಶದ ಆರೋಗ್ಯ ವಿಮೆಯು 148 ಯೋಗಗಳನ್ನು ಅಂಗೀಕರಿಸಿ, ರಕ್ತದೊತ್ತಡವನ್ನೂ ಕಿವಿಯನ್ನೂ ಪರೀಕ್ಷಿಸಬಲ್ಲ ಆಧುನಿಕ ವೈದ್ಯನ ಕೈಯಲ್ಲಿಯೇ ಅವುಗಳನ್ನು ಇರಿಸಿರುವುದು ಅನುಕರಣೀಯವಾದುದು.

ಏಕೆಂದರೆ, ಹಾಸಿಗೆಯಲ್ಲಿ ಮಗ್ಗುಲು ಹೊರಳಿದಾಗ ಮಾತ್ರ, ಒಂದು ನಿಮಿಷಕ್ಕೂ ಕಡಿಮೆ ಕಾಲ ಮನೆಯೆಲ್ಲ ಗರಗರನೆ ತಿರುಗಿದಂತಾದರೆ, ಒಳಗಿವಿಯ ಸುಣ್ಣದ ಹರಳುಗಳು ಸ್ಥಾನ ತಪ್ಪಿ ಅರ್ಧವೃತ್ತಾಕಾರದ ನಾಳವನ್ನು ಹೊಕ್ಕಿರುವ ಸಂಭವವೇ ಹೆಚ್ಚು. ಜಾನ್ ಎಪ್ಲಿಯು ರೂಪಿಸಿದ ಕ್ರಮದಲ್ಲಿ ತಲೆಯನ್ನು ಹೊರಳಿಸಿದರೆ ಕೆಲವೇ ನಿಮಿಷಗಳಲ್ಲಿ ಬಹುಮಂದಿಗೆ ಗುಣ ಕಾಣುವುದು. ಹರಳುಗಳು ತಾವಾಗಿಯೇ ಸರಿದು ಸುತ್ತು ನಿಂತಾಗ, ವಾರಗಟ್ಟಲೆ ಕುಡಿದ ಕಷಾಯಕ್ಕೆ ಆ ಕೀರ್ತಿ ಸಲ್ಲುವುದುಂಟು. ಗೋವಿನಜೋಳದ ಹೊಲದಲ್ಲಿ ನಡುಹಗಲು ಕಳೆ ತೆಗೆಯುವಾಗ ಕಣ್ಣು ಕತ್ತಲಿಟ್ಟ ಹೆಂಗಸಿಗೆ ಬೇಕಾದುದು ಮೊದಲು ನೆರಳು ಮತ್ತು ನೀರು, ಆಮೇಲೆ ರಕ್ತಹೀನತೆಯ ಪರೀಕ್ಷೆ. ಮೂಲಿಕೆಗಳೂ ನಿರುಪದ್ರವಿಗಳೇನಲ್ಲ: ಸರ್ಪಗಂಧಿಯು ರಕ್ತದೊತ್ತಡವನ್ನು ತಗ್ಗಿಸಿ ಸುತ್ತನ್ನು ಹೆಚ್ಚಿಸಬಹುದು, ಜ್ಯೇಷ್ಠಮಧುವು ಅತಿಯಾದರೆ ಒತ್ತಡವನ್ನೇರಿಸಿ ಪೊಟ್ಯಾಸಿಯಮ್ಮನ್ನು ಕುಂದಿಸುವುದು.

ಪಥ್ಯ, ನಿದ್ರೆ, ಚಿಂತೆಗಳನ್ನು ಸಾವಧಾನವಾಗಿ ಕೇಳಿ ತಿಳಿಯುವ ಹಳೆಯ ವೈದ್ಯರ ಸಹನೆಯು, ಅವಸರದ ಚಿಕಿತ್ಸಾಲಯಗಳಲ್ಲಿ ದೊರೆಯದ ಗುಣವೆಂಬುದನ್ನು ನಾನು ಮನಸಾರೆ ಒಪ್ಪುತ್ತೇನೆ. ಬಹುಕಾಲದಿಂದ ಬಳಲುತ್ತಿರುವವನಿಗೆ ಆ ಸಹನೆ ಅಗತ್ಯವೂ ಹೌದು. ಹಠಾತ್ತನೆ ತಲೆ ತಿರುಗಿ, ಮಾತು ತೊದಲಿ, ಒಂದು ಕೈಯ ಬಲ ಕುಂದಿದವನನ್ನಾದರೋ ಯಾವ ಕಷಾಯಕ್ಕೂ ಕಾಯಿಸದೆ ಒಡನೆಯೇ ಆಸ್ಪತ್ರೆಗೆ ಒಯ್ಯತಕ್ಕದ್ದು.