ಗುಡ್ಡ ಕುಸಿಯದಿದ್ದರೂ ಚಳಿ ಚಳಿಯೇ

ಜುಲೈನಲ್ಲಿ ಮಳೆ ನೋಡೋಕೆ ಅಂತ ನಾವೆಲ್ಲ ಮಡಿಕೇರಿಗೆ ಹೊರಡ್ತೀವಿ. ಹೋಂಸ್ಟೇಯವರು ಬೆಂಕಿ ಹಾಕಿಕೊಡ್ತಾರೆ, ಬಿಲ್ಲಿಗೂ ಸೇರಿಸ್ತಾರೆ. ಪಕ್ಕದ ಕಾಫಿ ತೋಟದ ಲೈನ್ ಮನೆಯಲ್ಲಿ ಮಾತ್ರ ಸೌದೆ ಒದ್ದೆ, ಬಟ್ಟೆ ಒಣಗಲ್ಲ, ಮಕ್ಕಳಿಗೆ ಕೆಮ್ಮು. ಜೋರು ಮಳೆಗೆ ಕೆಲಸ ನಿಂತರೆ ದಿನಗೂಲಿಯವರಿಗೆ ಅವತ್ತಿನ ಕೂಲಿಯೂ ಇಲ್ಲ.

ಇಂಥವರಿಗೆ ಸರ್ಕಾರದ ಬಳಿ ಏನಿದೆ? ಕಾಳಜಿ ಕೇಂದ್ರ ಇದೆ. ಹಿಂದೆ ಗಂಜಿ ಕೇಂದ್ರ ಅಂತಿದ್ದರು. ಹೆಸರು ಬದಲಾಗಿದ್ದು ಒಳ್ಳೆಯದೇ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದಾಗ ಸಾವಿರಾರು ಜನ ದಿನ ದೂಡಿದ್ದು ಇಂಥ ಕೇಂದ್ರಗಳಲ್ಲೇ. ಆ ಕೆಲಸದ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಬಾಗಿಲ ಬಗ್ಗೆ. ಗುಡ್ಡ ಕುಸಿದರೆ, ಹೊಳೆ ಉಕ್ಕಿದರೆ ಮಾತ್ರ ಅದು ತೆರೆಯುತ್ತೆ. ಬೆಲೆ ಏರಿದರೆ ತೆರೆಯಲ್ಲ. 2023ರ ಮಾರ್ಚ್‌ನಲ್ಲಿ ಸಿಲಿಂಡರ್ 1,100 ರೂಪಾಯಿ ದಾಟಿತ್ತು. ಆಮೇಲೆ ಇಳಿದರೂ, ಸ್ನಾನದ ನೀರನ್ನೂ ಗ್ಯಾಸಿನಲ್ಲೇ ಕಾಯಿಸುವ ಧೈರ್ಯ ಕೂಲಿಯವರಿಗೆ ಬರಲ್ಲ. ಗೃಹಜ್ಯೋತಿ ಇದೆಯಲ್ಲ ಅಂತೀರಿ. ಲೈನ್ ಮನೆಗೆ ಬೇರೆ ಮೀಟರೇ ಇಲ್ಲದಿದ್ದರೆ ಆ ಉಚಿತ ಯೂನಿಟ್ ಯಾರ ಲೆಕ್ಕಕ್ಕೆ?

ಬ್ರಿಟನ್‌ನಲ್ಲಿ 2022ರ ಚಳಿಗಾಲಕ್ಕೆ ಕರೆಂಟು, ಗ್ಯಾಸಿನ ದರ ವಿಪರೀತ ಏರಿದಾಗ ಗ್ರಂಥಾಲಯ, ಚರ್ಚು, ಸಮುದಾಯ ಭವನಗಳು ಬಾಗಿಲು ತೆರೆದವು. ಬನ್ನಿ, ಬೆಚ್ಚಗೆ ಕೂರಿ, ಟೀ ಕುಡಿಯಿರಿ, ಅಷ್ಟೇ. ನಮಗೇನೂ ಇದು ಹೊಸದಲ್ಲ. ನಮ್ಮೂರಲ್ಲಿ ಮಳೆಗಾಲದ ಸಂಜೆ ಯಾರದೋ ಮನೆಯ ಒಲೆ ಮುಂದೆ ಹೋಗಿ ಕೂತರೆ, ಯಾಕೆ ಬಂದೆ ಅಂತ ಯಾರೂ ಕೇಳುತ್ತಿರಲಿಲ್ಲ.

ಕೊಡಗಿನಲ್ಲೂ ಕಟ್ಟಡಕ್ಕೆ ಬರವಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಅರಿವು ಕೇಂದ್ರ ಅಂತ ಹೆಸರಿಟ್ಟಾಗಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ಅದರ ಪಕ್ಕದಲ್ಲೊಂದು ಕೋಣೆ ಬೆಚ್ಚಗಿರಲಿ. ಬಟ್ಟೆ ಒಣಗಿಸಲು ಹಗ್ಗ, ಬಿಸಿ ಕಾಫಿ, ಮಕ್ಕಳ ಹೋಂವರ್ಕಿಗೆ ಬೆಳಕು ಇದ್ದರೆ ಸಾಕು. ರೇಷನ್ ಕಾರ್ಡ್ ಕೇಳೋದು, ಫೋಟೋ ತೆಗೆಯೋದು ಬೇಡ. ಪಂಚಾಯಿತಿ ದೂರವಿದ್ದರೆ ಹತ್ತಿರದ ಅಂಗನವಾಡಿಯಾದರೂ ಆಗಲಿ.

ಇದು ಕೂಲಿಗಾಗಲೀ ಸೋರದ ಸೂರಿಗಾಗಲೀ ಬದಲಿ ಅಲ್ಲ. ರಾತ್ರಿ ವಾಪಸ್ ಹೋಗಬೇಕಾದ್ದು ಅದೇ ಲೈನ್ ಮನೆಗೆ. ಕೋಣೆ ಇದೆಯಲ್ಲ ಅಂತ ತೋಟದ ಮಾಲೀಕರು ರಿಪೇರಿಯಿಂದ ಜಾರಿಕೊಳ್ಳಬಾರದು.

ಮಳೆಗಾಲಕ್ಕೆ ಮುಂಚೆ ಜಿಲ್ಲಾಡಳಿತ ಕಾಳಜಿ ಕೇಂದ್ರಗಳ ಪಟ್ಟಿ ಮಾಡುತ್ತೆ. ಅದರಲ್ಲಿ ಪಂಚಾಯಿತಿಗೊಂದು ಬೆಚ್ಚನೆ ಕೋಣೆಯೂ ಸೇರಲಿ, ಗುಡ್ಡ ಕುಸಿಯೋ ತನಕ ಕಾಯದೆ.